ಬೆಲೆ ಕಂಡಿತು, ಬರುವ ರಾಶಿ ಕಾಣಲಿಲ್ಲ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ಪ್ರಕರಣ

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರದ ದಿನಗಳು. ಸುಗ್ಗಿಯ ಭರದ ಕಾಲ ಬೇರೆ. ಅಂದು ದರ ಕುಸಿದದ್ದನ್ನು ಕಂಡ ರೈತರ ಸಿಟ್ಟು ಕಟ್ಟೆಯೊಡೆಯಿತು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಹೊತ್ತಿ ಉರಿದವು. ಕೆಲವೇ ದಿನಗಳ ಹಿಂದೆ ಕ್ವಿಂಟಲ್‌ಗೆ 20,000 ರೂಪಾಯಿಯ ಆಸುಪಾಸಿನಲ್ಲಿದ್ದ ದರ 8,000ಕ್ಕೆ ಇಳಿದಿದೆ ಎಂದು ಅಂದಿನ ವರದಿಗಳು ಹೇಳಿದವು.

ದರ ಬೀಳುವುದು ರೈತನಿಗೆ ಹೊಸದಲ್ಲ. ನನ್ನ ಗಮನ ಹೋದದ್ದು ಕಲ್ಲು ಯಾರ ಕಿಟಕಿಗೆ ಬಿತ್ತು ಎಂಬುದರ ಕಡೆಗೆ. ಹಿಂದೆಲ್ಲ ದರ ಕುಸಿದರೆ ರೈತ ಬೈಯುತ್ತಿದ್ದದ್ದು ದಲಾಲನನ್ನು, ಇಲ್ಲವೇ ಖರೀದಿದಾರನನ್ನು. ಈಗ ದರ ಹೊರಬರುವುದು ಕಂಪ್ಯೂಟರಿನಿಂದ. ಕಂಪ್ಯೂಟರ್ ಇರುವುದು ಕಚೇರಿಯಲ್ಲಿ. ದರ ಹೇಳುವ ಬಾಯಿ ಬದಲಾದಾಗ ಸಿಟ್ಟಿನ ದಿಕ್ಕೂ ಬದಲಾಯಿತು ಎಂದು ನನಗೆ ತೋರುತ್ತದೆ. ಅದೇ ಕಂಪ್ಯೂಟರ್ ಅದಕ್ಕೆ ಹತ್ತು ವರ್ಷ ಮೊದಲು ರೈತನ ಪರವಾಗಿ ಕೆಲಸ ಮಾಡಬೇಕೆಂದು ತಂದಿಟ್ಟದ್ದು. ಕೆಲಸ ಮಾಡಿಲ್ಲವೆಂದೂ ಹೇಳುವಂತಿಲ್ಲ. ಹಾಗಾದರೆ ಅದು ಕೊಟ್ಟದ್ದೇನು, ಕೊಡದೇ ಉಳಿದದ್ದೇನು ಎಂಬುದೇ ಈ ಪ್ರಕರಣದ ವಿಷಯ.

ಸರಬರಾಜುದಾರ ಎಂದರೆ ಯಾರು

ಪೂರೈಕೆ ಸರಪಳಿ, ಸರಬರಾಜುದಾರ, ಮಾಹಿತಿ ತಂತ್ರಜ್ಞಾನ ಎಂಬ ಮಾತುಗಳು ಒಟ್ಟಿಗೆ ಬಂದ ಕೂಡಲೇ ಕಾರು ಕಾರ್ಖಾನೆಗೆ ಬಿಡಿಭಾಗ ಕಳಿಸುವ ಕಂಪನಿ ನೆನಪಾಗುತ್ತದೆ. ಆದರೆ ಕೊಚ್ಚಿಯ ಕಡೆಯ ಓಲಿಯೊರೆಸಿನ್ (ಮಸಾಲೆಯಿಂದ ತೆಗೆದ ಗಟ್ಟಿ ಸಾರ) ಕಾರ್ಖಾನೆಗೆ ಬಣ್ಣದ ಕಚ್ಚಾವಸ್ತು ಒದಗಿಸುವವನು ಹಾವೇರಿ, ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಅಥವಾ ಗಡಿಯಾಚೆಯ ಕರ್ನೂಲಿನ ರೈತ. ಮಸಾಲೆ ಪುಡಿಯ ದೊಡ್ಡ ಕಂಪನಿಗಳಿಗೂ ಅವನೇ ಸರಬರಾಜುದಾರ. ಅವನ ಕೈಯಿಂದ ಕಾಯಿ ದಲಾಲರ ಅಂಗಡಿಗೆ ಬರುತ್ತದೆ; ಅಲ್ಲಿಂದ ಖರೀದಿದಾರರಿಗೆ; ಆಮೇಲೆ ಶೀತಲಗೃಹಕ್ಕೋ ಕಾರ್ಖಾನೆಗೋ ಹಡಗಿಗೋ. ಸರಪಳಿಯ ಮೊದಲ ಕೊಂಡಿ ಅವನು, ಸುದ್ದಿ ತಲುಪುವುದರಲ್ಲಿ ಮಾತ್ರ ಕೊನೆಯವನು.

ಬ್ಯಾಡಗಿ ಕಾಯಿಯ ಹೆಸರು ಇರುವುದು ಖಾರಕ್ಕಲ್ಲ, ಬಣ್ಣಕ್ಕೆ. ಮೈಯೆಲ್ಲ ಸುಕ್ಕು, ಕಡುಗೆಂಪು, ನಾಲಿಗೆಗೆ ಮೃದು. ಕಡ್ಡಿ ಮತ್ತು ಡಬ್ಬಿ ಎಂದು ಅದರಲ್ಲೇ ಎರಡು ಬಗೆ. ಉದ್ದನೆಯದು ಕಡ್ಡಿ, ದುಂಡಗೆ ಗಿಡ್ಡಗಿರುವುದು ಡಬ್ಬಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆದ ಬಣ್ಣ ಸಾಸೇಜಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಕಾರ್ಖಾನೆಯವರು ಅಳೆಯುವುದು ಈ ಬಣ್ಣವನ್ನೇ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ರೂಪಿಸಿದ ಆಸ್ಟಾ ಎಂಬ ಮಾಪನ ಅವರ ಕೈಯಲ್ಲಿದೆ. ಬ್ಯಾಡಗಿಯ ಒಳ್ಳೆಯ ಕಾಯಿ ಅದರಲ್ಲಿ ನೂರೈವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ರೈತನ ಕೈಯಲ್ಲಿ ಅಂಥ ಮಾಪನ ಯಾವುದೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆರಳಿನ ವ್ಯಾಪಾರ

ಬೆಳಗ್ಗೆ ಪ್ರಾಂಗಣದಲ್ಲಿ ನಿಂತರೆ ಕಣ್ಣಿಗೆ ಮೊದಲು ಬೀಳುವುದು ಬಾಯಿ ಬಿಚ್ಚಿಟ್ಟ ಚೀಲಗಳ ಸಾಲು. ಖರೀದಿದಾರ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾನೆ. ಚೀಲದ ಮೇಲಿನ ಕಾಯಿಯನ್ನು ಅವನು ನಂಬುವುದಿಲ್ಲ; ತೋಳು ಒಳಗಿಳಿಸಿ ನಡುವಿನಿಂದ ಹಿಡಿ ತುಂಬ ತೆಗೆಯುತ್ತಾನೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಬೀಜ ಗಲಗಲ ಎಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ ಉಳಿದಿದೆ. ಸಿಪ್ಪೆ ಸೀಳಿ ಒಳಮೈ ನೋಡುತ್ತಾನೆ. ಬೂಷ್ಟು ಬಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬೆರಳ ನಡುವೆ ಉಜ್ಜಿ ಬಣ್ಣ ಎಷ್ಟು ಹತ್ತಿತು ಎಂದು ಕಣ್ಣಂದಾಜು ಮಾಡುತ್ತಾನೆ. ಆಮೇಲೆ ಲಾಟ್ (ಒಟ್ಟಾಗಿ ಮಾರಾಟಕ್ಕಿಟ್ಟ ಒಬ್ಬ ರೈತನ ಚೀಲಗಳ ಗುಂಪು) ನಂಬರನ್ನೂ ಪಕ್ಕದಲ್ಲಿ ದರವನ್ನೂ ಗೀಚಿಕೊಂಡು ಮುಂದಿನ ಚೀಲಕ್ಕೆ ಹೋಗುತ್ತಾನೆ. ಇಷ್ಟಕ್ಕೂ ಒಂದು ನಿಮಿಷ ಹಿಡಿಯುವುದಿಲ್ಲ. ಆರೇಳು ತಿಂಗಳ ಬೆಳೆಯ ಹಣೆಬರಹ ಆ ನಿಮಿಷದಲ್ಲಿ ನಿರ್ಧಾರವಾಗುತ್ತದೆ.

ಕಂಪ್ಯೂಟರ್ ಬರುವ ಮೊದಲು ಆ ಗೀಚಿಕೊಂಡ ದರ ರೈತನವರೆಗೆ ಬರುವ ದಾರಿಯೇ ಬೇರೆ ಇತ್ತು. ನಮ್ಮ ಮಾರುಕಟ್ಟೆಗಳಲ್ಲಿ ಒಂದೋ ಬಾಯಿ ಹರಾಜು, ಇಲ್ಲವೇ ಚೀಟಿಯಲ್ಲಿ ದರ ಬರೆದು ಕೊಡುವ ಟೆಂಡರ್. ಬಾಯಿ ಹರಾಜಿನಲ್ಲಿ ಕೊಳ್ಳುವವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರುತ್ತಾರೆ. ಇಂದು ನೀನು ಬಿಡು, ನಾಳೆ ನಾನು ಬಿಡುತ್ತೇನೆ ಎಂಬ ಒಪ್ಪಂದಕ್ಕೆ ಮಾತೇ ಬೇಕಿಲ್ಲ, ಹುಬ್ಬು ಹಾರಿಸಿದರೆ ಸಾಕು. ಚೀಟಿಯ ಪದ್ಧತಿಯಲ್ಲಿ ಚೀಟಿ ಯಾರ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆಯೋ ಅವನು ದೊಡ್ಡವನು. ಜಾನುವಾರು ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ಅಲ್ಲಿ ಮಾರುವವನಿಗಾದರೂ ಬೆರಳು ತಾಗುತ್ತದೆ; ಇಲ್ಲಿ ಅದೂ ಇಲ್ಲ.

ಒಂದೇ ಜಾಲಕ್ಕೆ ಎಲ್ಲ ಮಾರುಕಟ್ಟೆಗಳು

ಕೆಲವು ದೊಡ್ಡ ಮಾರುಕಟ್ಟೆಗಳಲ್ಲಿ ಸ್ಥಳೀಯ ಮಟ್ಟದ ಕಂಪ್ಯೂಟರ್ ಟೆಂಡರ್ ಮೊದಲೇ ಇತ್ತು. ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ಎಂಬುದು 2014ರ ಕೆಲಸ. ಆ ವರ್ಷದ ಜನವರಿಯಲ್ಲಿ ರಾಜ್ಯ ಸರ್ಕಾರ ಮತ್ತು ಕೃಷಿ ಸರಕುಗಳ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಸಮೂಹದ ಸ್ಪಾಟ್ (ಕೈಮಾಲಿನ) ಮಾರುಕಟ್ಟೆ ಕಂಪನಿ ಸಮಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಕಟ್ಟಿದವು. ಫೆಬ್ರುವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸಗಟು ಮಾರುಕಟ್ಟೆಗಳು ಹಂತಹಂತವಾಗಿ ಇದಕ್ಕೆ ಸೇರಿಕೊಂಡವು. ಇಡೀ ದೇಶಕ್ಕೆಂದು ಕೇಂದ್ರ ಮಾಡಿದ ಇಂಥದೇ ವಿದ್ಯುನ್ಮಾನ ಮಾರುಕಟ್ಟೆ ಇ-ನಾಮ್ ಬಂದದ್ದು ಎರಡು ವರ್ಷಗಳ ನಂತರ, 2016ರ ಏಪ್ರಿಲ್ 14ರಂದು. ಈ ವಿಷಯದಲ್ಲಿ ಕರ್ನಾಟಕ ಮುಂದಿತ್ತು ಎನ್ನುವುದು ಅಭಿಮಾನದ ಮಾತಲ್ಲ, ಪಂಚಾಂಗದ ಮಾತು.

ಕಾಗದದ ಮೇಲೆ ಕ್ರಮ ಸರಳವಾಗಿದೆ. ಗೇಟಿನಲ್ಲಿ ಮಾಲಿಗೆ ಲಾಟ್ ನಂಬರ್ ಸಿಗುತ್ತದೆ. ಆ ನಂಬರಿನ ಮೇಲೆ ಖರೀದಿದಾರರು ತಮ್ಮ ಲಾಗಿನ್ ಮೂಲಕ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ನಿಗದಿತ ಹೊತ್ತಿಗೆ ಟೆಂಡರ್ ಮುಚ್ಚುತ್ತದೆ, ಹೆಚ್ಚಿನ ದರ ಹಾಕಿದವನ ಹೆಸರು ಹೊರಬರುತ್ತದೆ. ಇಬ್ಬರ ದರ ಸಮವಾದರೆ ಮೊದಲು ನಮೂದಿಸಿದವನಿಗೆ ಮಾಲು. ರೈತನ ಮೊಬೈಲಿಗೆ ಸಂದೇಶ ಬರುತ್ತದೆ. ದರ ಒಪ್ಪಿಗೆಯಾದರೆ ತೂಕ, ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ರೈತನದು. ಪರವಾನಗಿಯಲ್ಲೂ ಬದಲಾವಣೆ ಬಂತು: ಒಂದು ಮಾರುಕಟ್ಟೆಗಷ್ಟೇ ಸೀಮಿತವಾಗಿದ್ದ ಖರೀದಿದಾರನಿಗೆ ಏಕೀಕೃತ ಪರವಾನಗಿಯ ಮೇಲೆ ಬೇರೆ ಮಾರುಕಟ್ಟೆಗಳಲ್ಲೂ ದರ ಹಾಕುವ ಅವಕಾಶ ಸಿಕ್ಕಿತು.

ರೈತನ ಕೈಗೆ ಬಂದದ್ದು

ಮೊದಲ ಲಾಭ ಗುಟ್ಟಿನದು, ಅಂದರೆ ಗುಟ್ಟು ಯಾರದೆಂಬುದು ಬದಲಾಯಿತು. ಹಿಂದೆ ಖರೀದಿದಾರರಿಗೆ ಪರಸ್ಪರರ ದರ ಗೊತ್ತಿರುತ್ತಿತ್ತು, ರೈತನಿಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಈಗ ಟೆಂಡರ್ ಮುಚ್ಚುವವರೆಗೆ ಖರೀದಿದಾರರಿಗೇ ಪರಸ್ಪರರ ದರ ಗೊತ್ತಿಲ್ಲ. ಪಕ್ಕದವನು ಎಷ್ಟು ಹಾಕಿದ್ದಾನೋ ತಿಳಿಯದೆ ಕುಳಿತವನು ಮಾಲು ಬೇಕೇ ಬೇಕೆಂದರೆ ತನ್ನ ಲೆಕ್ಕದ ಗರಿಷ್ಠದ ಹತ್ತಿರಕ್ಕೆ ಹೋಗಬೇಕಾಗುತ್ತದೆ. ಹುಬ್ಬು ಹಾರಿಸುವುದಕ್ಕೆ ಪರದೆಯಲ್ಲಿ ಜಾಗವಿಲ್ಲ. ಫೋನಿನಲ್ಲಿ ಒಳಒಪ್ಪಂದ ಮಾಡಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಮಾಡಿಕೊಳ್ಳಬಹುದು. ಆದರೆ ಒಪ್ಪಂದ ಮುರಿದವನು ಯಾರೆಂದು ತಿಳಿಯುವುದು ಫಲಿತಾಂಶ ಬಂದ ಮೇಲೆ, ಅಷ್ಟರಲ್ಲಿ ಮಾಲು ಅವನದಾಗಿರುತ್ತದೆ. ಒಳಒಪ್ಪಂದ ಮುರಿದವನಿಗೆ ತಕ್ಷಣ ಲಾಭವಾಗುವ ವ್ಯವಸ್ಥೆಯಲ್ಲಿ ಅಂಥ ಒಪ್ಪಂದ ಬಹಳ ದಿನ ಬಾಳುವುದು ಕಷ್ಟ.

ಎರಡನೆಯದು ದಾಖಲೆ. ಲಾಟ್ ನಂಬರಿಗೆ ದರ ಅಂಟಿಕೊಂಡ ಮೇಲೆ ಆ ಸಂಖ್ಯೆ ಎಲ್ಲರ ಲೆಕ್ಕದಲ್ಲೂ ಒಂದೇ ಆಗಿರಬೇಕು. ಇಷ್ಟಕ್ಕೆ ಮಾರಾಟವಾಯಿತು ಎಂದು ರೈತನಿಗೆ ಒಂದು ದರ ಹೇಳಿ ಖರೀದಿದಾರನಿಂದ ಇನ್ನೊಂದು ದರ ಪಡೆಯುವ ಹಳೆಯ ಕೈಚಳಕಕ್ಕೆ ದಾರಿ ಕಿರಿದಾಯಿತು. ವಿದ್ಯುನ್ಮಾನ ತೂಕದ ಯಂತ್ರದ ಪಟ್ಟಿ ಜೊತೆಗೆ ಸೇರಿದರೆ ಸೂಟು, ಕಡತ ಎಂಬ ಹೆಸರಿನಲ್ಲಿ ತೂಕದಿಂದ ಬಾಯಿಗೆ ಬಂದಷ್ಟು ಮುರಿದುಕೊಳ್ಳುವುದಕ್ಕೂ ಲಗಾಮು. ದಿನದ ಕನಿಷ್ಠ, ಗರಿಷ್ಠ ದರಗಳು ಕೃಷಿ ಮಾರಾಟ ವಾಹಿನಿ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಕಟವಾಗುತ್ತವೆ, ಪತ್ರಿಕೆಗೂ ಬರುತ್ತವೆ. ಊರಿನಲ್ಲಿ ಕುಳಿತವನಿಗೆ ಬ್ಯಾಡಗಿಯಲ್ಲಿ ಕಡ್ಡಿ ಎಷ್ಟು, ಡಬ್ಬಿ ಎಷ್ಟು ಎಂದು ಗಾಡಿ ಹೂಡುವ ಮೊದಲೇ ತಿಳಿಯುತ್ತದೆ.

ಮೂರನೆಯ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಬೇಡ ಎನ್ನುವ ಧೈರ್ಯ. ನಿನ್ನೆಯ ದರ, ಪಕ್ಕದ ಲಾಟಿನ ದರ ಎರಡೂ ಕಣ್ಣೆದುರಿಗಿರುವಾಗ ರೈತ ನಿರಾಕರಿಸುವುದು ಹಠವಾಗುವುದಿಲ್ಲ, ಲೆಕ್ಕವಾಗುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳಿವೆ. ಕಾಯಿಯನ್ನು ಅಲ್ಲಿಟ್ಟು ಕಾಯಬಹುದು. ದೇಶದಲ್ಲಿ 2017ರಿಂದ ಗೋದಾಮಿನ ರಸೀದಿಯೂ ವಿದ್ಯುನ್ಮಾನ ರೂಪದಲ್ಲಿ ಸಿಗುತ್ತಿದೆ, ನೋಂದಾಯಿತ ಗೋದಾಮಾದರೆ ಅದರ ಮೇಲೆ ಸಾಲವನ್ನೂ ಪಡೆಯಬಹುದು. ಆದರೆ ಕಾಯುವುದಕ್ಕೆ ದುಡ್ಡು ಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಈ ಲಾಭ ಎಷ್ಟು ಎಂದು ಅಳೆದವರಿದ್ದಾರೆ. ವೇದಿಕೆಯ ಮೇಲೆ 2019ರ ನವೆಂಬರ್‌ವರೆಗೆ ವಹಿವಾಟಾದದ್ದು 6.28 ಕೋಟಿ ಟನ್ ಉತ್ಪನ್ನ, ಮೌಲ್ಯ 2,170 ಕೋಟಿ ಡಾಲರ್. ಇದರ ಪರಿಣಾಮವನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಭತ್ತದ ದರದಲ್ಲಿ ಶೇ 5.1, ಶೇಂಗಾದಲ್ಲಿ ಶೇ 3.6, ಗೋವಿನಜೋಳದಲ್ಲಿ ಶೇ 3.5 ಏರಿಕೆ ವೇದಿಕೆಯಿಂದಲೇ ಆಗಿದೆ ಎಂದು ತೋರಿಸಿತು. ಮೆಣಸಿನಕಾಯಿಯ ಬಗ್ಗೆ ಆ ಲೆಕ್ಕ ಏನನ್ನೂ ಹೇಳುವುದಿಲ್ಲ. ಮೂರು, ನಾಲ್ಕು, ಐದು ಎಂಬ ಅಂಕಿಗಳನ್ನು ನೋಡಿ ಇಷ್ಟೇನಾ ಎನ್ನಿಸಬಹುದು. ಅದೇ ಅಧ್ಯಯನ ಇದರಿಂದ ರೈತನ ಲಾಭಾಂಶ ಶೇ 36ರಿಂದ 159ರವರೆಗೆ ಹೆಚ್ಚಬಹುದು ಎನ್ನುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಲೆಕ್ಕಕ್ಕೆಂದು ಹೀಗೆ ಹಿಡಿಯಿರಿ: ಕ್ವಿಂಟಲ್ ಗೋವಿನಜೋಳಕ್ಕೆ 2,000 ರೂಪಾಯಿ ಸಿಗುತ್ತದೆ, ಬೆಳೆದು ತರಲು 1,900 ಖರ್ಚಾಗಿದೆ. ಉಳಿದದ್ದು ನೂರು. ದರ ಶೇ 3.5 ಏರಿದರೆ ಎಪ್ಪತ್ತು ರೂಪಾಯಿ ಹೆಚ್ಚು ಬರುತ್ತದೆ, ಖರ್ಚು ಇದ್ದಷ್ಟೇ. ನೂರು ಉಳಿಯುತ್ತಿದ್ದವನಿಗೆ ನೂರ ಎಪ್ಪತ್ತು. ದೊಡ್ಡ ಶೇಕಡಾವಾರು ಎನ್ನುವುದು ರೈತನ ಉಳಿತಾಯ ಎಷ್ಟು ತೆಳುವಾಗಿದೆ ಎಂಬುದರ ಇನ್ನೊಂದು ಹೆಸರು, ಅಷ್ಟೆ.

ಎಲ್ಲ ಬೆಳೆಗೂ ಹೀಗೆ ಆಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಸಾಗಣೆಯ ತೊಡಕು, ದರ ಹಾಕುವುದಕ್ಕೆ ತಗಲುವ ಶ್ರಮ, ಖರೀದಿದಾರರು ಬೆರಳೆಣಿಕೆಯಷ್ಟೇ ಇರುವುದು ಇವೆಲ್ಲ ಕಾರಣಗಳಾಗಿ ಬಂದವು. ಇದರಲ್ಲಿ ನಡುವಿನದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪರದೆ ಹೆಚ್ಚಿತು, ಕಣ್ಣು ಹೆಚ್ಚಲಿಲ್ಲ

ಖರೀದಿದಾರ ಲಾಟೊಂದಕ್ಕೆ ಒಂದು ನಿಮಿಷ ಕೊಡುತ್ತಾನೆ ಎಂದೆ. ಬೆಳಗ್ಗೆಯಿಂದ ಟೆಂಡರ್ ಮುಚ್ಚುವವರೆಗೆ ನಾಲ್ಕು ತಾಸು ಎಂದಿಟ್ಟುಕೊಂಡರೆ ಇನ್ನೂರ ನಲವತ್ತು ಲಾಟು. ಸುಗ್ಗಿಯಲ್ಲಿ ಬ್ಯಾಡಗಿಗೆ ದಿನಕ್ಕೆ ಲಕ್ಷಗಟ್ಟಲೆ ಚೀಲ ಬರುತ್ತವೆ. ಆವಕ, ಅಂದರೆ ಮಾರುಕಟ್ಟೆಗೆ ಬರುವ ಮಾಲು, ಮಧ್ಯಮವಾಗಿದ್ದ ದಿನ ನಿಮ್ಮ ಲಾಟನ್ನು ಹತ್ತು ಜನ ಮುಟ್ಟಿ ನೋಡುತ್ತಾರೆ ಎಂದುಕೊಳ್ಳಿ. ಆವಕ ಮೂರು ಪಟ್ಟಾದ ದಿನ ಅದೇ ಹತ್ತು ಜನ, ಅದೇ ನಾಲ್ಕು ತಾಸು. ಲಾಟಿಗೆ ಮೂರು ಜನ ಬಂದರೆ ಹೆಚ್ಚು. ಸ್ಪರ್ಧೆ ಎಂಬುದು ಕಂಪ್ಯೂಟರಿನಲ್ಲಿಲ್ಲ, ಚೀಲದ ಸುತ್ತ ನಿಂತ ಕಾಲುಗಳಲ್ಲಿದೆ. ಮಾಲು ಹೆಚ್ಚಾದದ್ದರಿಂದ ಬೀಳುವ ದರ ಒಂದಾದರೆ, ನೋಡುವವರಿಲ್ಲದ್ದರಿಂದ ಬೀಳುವ ದರ ಅದರ ಮೇಲೆ ಇನ್ನೊಂದು. ಮೊದಲನೆಯದು ಬೇಡಿಕೆ-ಪೂರೈಕೆಯ ವಿಷಯ, ಯಾರನ್ನೂ ದೂರುವಂತಿಲ್ಲ. ಎರಡನೆಯದು ವ್ಯವಸ್ಥೆಯ ಲೋಪ, ಸರಿಪಡಿಸಬಹುದಾದದ್ದು.

ಸರಿಪಡಿಸುವ ಪ್ರಯತ್ನವೊಂದು ನಡೆದಿದೆ, ಅದು ಬೇಳೆಕಾಳಿನ ಮಾರುಕಟ್ಟೆಯೊಂದರಲ್ಲಿ. 2019ರ ಫೆಬ್ರುವರಿಯಲ್ಲಿ ಅಲ್ಲಿ ಟೆಂಡರನ್ನು ಎರಡು ಹಂತ ಮಾಡಿದರು. ಮೊದಲ ಹಂತದಲ್ಲಿ ಎಲ್ಲರೂ ಗುಪ್ತವಾಗಿ ದರ ಹಾಕಬೇಕು. ಪ್ರತಿ ಲಾಟಿನಲ್ಲಿ ಮೇಲಿನ ದರ ಹಾಕಿದ ಕೆಲವರಿಗೆ ಮಾತ್ರ ಎರಡನೆಯ ಹಂತದಲ್ಲಿ ದರ ಏರಿಸಲು ಅವಕಾಶ. ಅಷ್ಟಕ್ಕೇ ದರ ಸರಾಸರಿ ಶೇ 4.7 ಏರಿತು, ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಅದರ ಫಲ ತಟ್ಟಿತು. ಹೊಸ ಯಂತ್ರ ತರಲಿಲ್ಲ, ಹೊಸ ಕಟ್ಟಡ ಕಟ್ಟಲಿಲ್ಲ, ಟೆಂಡರಿನ ನಿಯಮ ತಿದ್ದಿದರು. ಖರೀದಿದಾರ ಹೇಗೆ ಯೋಚಿಸುತ್ತಾನೆ ಎಂದು ಮೊದಲು ಕುಳಿತು ನೋಡಿದವರ ಕೆಲಸ ಅದು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಟ್ಯಾಬ್ ಖರೀದಿಸುತ್ತೇವೆ, ಯೋಚನೆ ಆಮೇಲೆ.

ಮೆಣಸಿನಕಾಯಿಗೆ ಇಷ್ಟೇ ಸಾಲದು. ಇಲ್ಲಿ ಆಸ್ಟಾ ಮಾಪನದ ಮಾತಿಗೆ ಮರಳಬೇಕು. ಕೊಚ್ಚಿಯಲ್ಲಿ ಕುಳಿತವನು ಬ್ಯಾಡಗಿಯ ಲಾಟಿಗೆ ದರ ಹಾಕಬಹುದು ಎಂದು ಏಕೀಕೃತ ಪರವಾನಗಿ ಹೇಳುತ್ತದೆ. ಪರದೆಯ ಮೇಲೆ ಅವನಿಗೆ ಕಾಣುವುದು ತಳಿಯ ಹೆಸರು ಮತ್ತು ಚೀಲದ ಲೆಕ್ಕ ಮಾತ್ರವಾದರೆ ಅವನು ಯಾವ ಧೈರ್ಯದ ಮೇಲೆ ಹಾಕಿಯಾನು? ತೇವಾಂಶ ಎಷ್ಟು, ಬಣ್ಣದ ಅಂಕ ಎಷ್ಟು ಎಂದು ಲಾಟ್ ನಂಬರಿನ ಪಕ್ಕದಲ್ಲಿ ನಂಬಬಹುದಾದ ಸಂಖ್ಯೆ ಇದ್ದಿದ್ದರೆ ಕಣ್ಣುಗಳ ಸಂಖ್ಯೆ ಬ್ಯಾಡಗಿಯ ಗಡಿ ದಾಟುತ್ತಿತ್ತು. ಗುಣಮಟ್ಟ ಪರೀಕ್ಷೆ ವೇದಿಕೆಯ ಮೂಲ ಯೋಜನೆಯಲ್ಲೇ ಇದೆ. ಆದರೆ ಒಂದೇ ಬೆಳಗ್ಗೆ ಸಾವಿರಾರು ಲಾಟುಗಳನ್ನು ಪರೀಕ್ಷಿಸಿ ಮುಗಿಸುವುದು ಹುಡುಗಾಟವಲ್ಲ. ಮಾದರಿ ತೆಗೆಯುವವನು ಯಾರು, ಅವನ ಮಾತನ್ನು ಯಾರು ನಂಬಬೇಕು, ವರದಿ ತಪ್ಪಾದರೆ ನಷ್ಟ ಯಾರಿಗೆ ಎಂಬ ಪ್ರಶ್ನೆಗಳು ಯಂತ್ರಕ್ಕಿಂತ ದುಬಾರಿ. ಹಾಗಾಗಿ ಬಣ್ಣದ ವ್ಯಾಪಾರ ಇಂದಿಗೂ ಬೆರಳಿನ ವ್ಯಾಪಾರವಾಗಿಯೇ ನಡೆದಿದೆ, ಬೆರಳಿನ ತೀರ್ಪು ಮಾತ್ರ ಪರದೆಯ ಮೇಲೆ ಮೂಡುತ್ತದೆ. ಇದರಿಂದ ಕಷ್ಟಪಟ್ಟು ಚೆನ್ನಾಗಿ ಒಣಗಿಸಿದವನಿಗೇ ನಷ್ಟ. ತನ್ನ ಕಾಯಿ ನೂರ ಅರವತ್ತೋ ನೂರ ಇಪ್ಪತ್ತೋ ಅವನಿಗೇ ಗೊತ್ತಿಲ್ಲದಿರುವಾಗ ನೂರ ಅರವತ್ತರ ದರ ಕೇಳುವುದು ಹೇಗೆ?

ದಲಾಲನ ಪೆಟ್ಟಿಗೆ

ಇನ್ನು ದುಡ್ಡಿನ ಮಾತು. ರೈತ ಯಾವ ಅಂಗಡಿಯಲ್ಲಿ ಚೀಲ ಇಳಿಸುತ್ತಾನೆ ಎಂಬುದು ಟೆಂಡರಿನ ದಿನ ನಿರ್ಧಾರವಾಗುವುದಲ್ಲ. ಬಹಳ ಸಲ ಬಿತ್ತನೆಯ ದಿನವೇ ಆಗಿರುತ್ತದೆ. ಬೀಜಕ್ಕೆ, ಔಷಧಿಗೆ, ಮಗಳ ಮದುವೆಗೆ ಮುಂಗಡ ಕೊಟ್ಟ ದಲಾಲರ ಅಂಗಡಿಗೆ ಮಾಲು ಹೋಗಬೇಕು, ಅದು ಬರೆಯದ ಕರಾರು. ಮಾಲಿನ ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಬರಬೇಕು ಎಂಬ ಆಶಯಕ್ಕೆ ದಲಾಲರು ವಿರೋಧ ಒಡ್ಡಿದ್ದರಲ್ಲಿ ಅಚ್ಚರಿಯಿಲ್ಲ, ಅವರ ಬಾಕಿ ವಸೂಲಿಯಾಗುವುದೇ ಆ ಹಣದಿಂದ. ಆದರೆ ರೈತರೂ ಅದಕ್ಕೆ ಹಾತೊರೆಯಲಿಲ್ಲ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೆ ಕಾಗದ ಕೇಳದೆ ದುಡ್ಡು ಕೊಡುವವನು ದಲಾಲ. ಬ್ಯಾಂಕಿನವರು ಹತ್ತೂವರೆಗೆ ಬಾಗಿಲು ತೆರೆದು ಪಹಣಿ ಕೇಳುತ್ತಾರೆ.

ದಲಾಲನನ್ನು ಖಳನಾಯಕನನ್ನಾಗಿ ಮಾಡಿ ಬರೆಯುವುದು ಸುಲಭ. ನಾನೂ ಹಿಂದೆ ಹಾಗೆ ಬರೆದಿದ್ದೇನೆ. ಈಗ ಅನಿಸುವುದು ಬೇರೆ. ಅವನು ಮಾರಾಟದ ಏಜೆಂಟನೂ ಹೌದು, ಬ್ಯಾಂಕೂ ಹೌದು, ಗೋದಾಮೂ ಹೌದು, ಊಟಕ್ಕೆ ಮಲಗುವುದಕ್ಕೆ ಜಾಗ ಕೊಡುವವನೂ ಹೌದು. ವೇದಿಕೆ ಕಿತ್ತುಕೊಂಡದ್ದು ಈ ನಾಲ್ಕರಲ್ಲಿ ಒಂದನ್ನು, ಅದೂ ಅರ್ಧ. ಉಳಿದ ಮೂರಕ್ಕೆ ಪರ್ಯಾಯ ಬರುವವರೆಗೆ, ದರ ಒಪ್ಪಿಗೆಯಿಲ್ಲ ಎಂಬ ಬಟನ್ ಒತ್ತುವ ಹಕ್ಕು ಇದ್ದರೂ ಬೆರಳು ಅಲ್ಲಿಗೆ ಹೋಗುವುದಿಲ್ಲ. ಸಾಲವಿಲ್ಲದ, ಶೀತಲಗೃಹದ ಬಾಡಿಗೆ ಕಟ್ಟಬಲ್ಲ ರೈತನಿಗೆ ಈ ತಂತ್ರಜ್ಞಾನ ಕೊಟ್ಟ ಲಾಭ ಸಾಲದಲ್ಲಿರುವವನಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಬಡವನಿಗೆಂದು ಮಾಡಿದ ವ್ಯವಸ್ಥೆ ಎಂಬ ಭಾಷಣಗಳಲ್ಲಿ ಈ ಸಂಗತಿ ಬರುವುದಿಲ್ಲ.

ಬಾರುಕೋಲಿನ ತುದಿ

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ತನ್ನ ಪ್ಯಾಂಪರ್ಸ್ ಡೈಪರಿನ ವ್ಯಾಪಾರದಲ್ಲಿ ಒಂದು ವಿಚಿತ್ರವನ್ನು ಎದುರಿಸಿತ್ತು. ಮಕ್ಕಳು ದಿನಕ್ಕೆ ಬಳಸುವ ಡೈಪರಿನ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಏನಿರುತ್ತದೆ? ಅಂಗಡಿಯ ಮಾರಾಟವೂ ಬಹುಮಟ್ಟಿಗೆ ಸಮವಾಗಿಯೇ ಇತ್ತು. ಆದರೆ ವಿತರಕರಿಂದ ಬರುವ ಬೇಡಿಕೆ ಏರಿಳಿಯುತ್ತಿತ್ತು, ಕಂಪನಿ ತನ್ನ ಕಚ್ಚಾವಸ್ತುವಿಗೆ ಕೊಡುವ ಬೇಡಿಕೆ ಇನ್ನೂ ಏರಿಳಿಯುತ್ತಿತ್ತು. ನಮ್ಮ ಬಾರುಕೋಲಿನ ಹಾಗೆ: ಹಿಡಿಯ ಹತ್ತಿರ ಕೈ ಒಂದು ಗೇಣು ಆಡಿದರೆ ತುದಿ ಒಂದು ಮಾರು ಹಾರುತ್ತದೆ. ಸರಪಳಿಯಲ್ಲಿ ಗ್ರಾಹಕನಿಂದ ದೂರವಿದ್ದಷ್ಟೂ ಪೆಟ್ಟು ಜೋರು. ಔಷಧವೂ ಅಲ್ಲಿಯೇ ಸಿಕ್ಕಿತು. ವಾಲ್‌ಮಾರ್ಟ್ ತನ್ನ ಮಳಿಗೆಗಳ ಮಾರಾಟದ ಲೆಕ್ಕವನ್ನು ಸರಬರಾಜುದಾರರಿಗೆ ತೆರೆದಿಟ್ಟಿತು; 1991ರಲ್ಲಿ ಅದು ರಿಟೇಲ್ ಲಿಂಕ್ ಎಂಬ ವ್ಯವಸ್ಥೆಯಾಯಿತು. ಯಾವ ಮಳಿಗೆಯಲ್ಲಿ ನಿನ್ನೆ ಎಷ್ಟು ಹೋಯಿತು ಎಂದು ಸರಬರಾಜುದಾರನಿಗೇ ಕಾಣತೊಡಗಿದಾಗ ಊಹೆಯ ಮೇಲೆ ತಯಾರಿಸುವುದು ತಪ್ಪಿತು. ಅದರಿಂದ ದೊಡ್ಡ ಕಂಪನಿಗಳಿಗೆ ಅನುಕೂಲವಾಯಿತು, ಚಿಕ್ಕವು ವಾಲ್‌ಮಾರ್ಟಿನ ದರದ ಹಿಡಿತದಲ್ಲಿ ನರಳಿದವು. ಆ ಕಥೆ ಬೇರೆ.

ಈಗ ಬ್ಯಾಡಗಿಗೆ ಬನ್ನಿ. ಸಾರಿಗೆ ಹಾಕುವ ಖಾರದ ಪುಡಿಯೂ ಡೈಪರಿನಂತೆಯೇ, ವರ್ಷದಿಂದ ವರ್ಷಕ್ಕೆ ಮೂರು ಪಟ್ಟು ಹೆಚ್ಚು ಕಡಿಮೆ ಆಗುವುದಿಲ್ಲ. 2023ರ ಆರಂಭದಲ್ಲಿ ಕಾಯಿಯ ದರ ಬಹಳ ಮೇಲೇರಿತ್ತು. ಆ ದರ ಮೊಬೈಲ್ ಮೊಬೈಲಿಗೂ ತಲುಪಿತು. ಮುಂಗಾರಿಗೆ ಯಾರು ಮೆಣಸಿನಕಾಯಿ ಬೇಡ ಎಂದಾರು? ಪ್ರತಿಯೊಬ್ಬನೂ ತನ್ನ ಹೊಲದ ಮಟ್ಟಿಗೆ ಸರಿಯಾದ ಲೆಕ್ಕವನ್ನೇ ಮಾಡಿದ. ಪಕ್ಕದ ಜಿಲ್ಲೆಯವನೂ ಗಡಿಯಾಚೆಯವನೂ ಅದೇ ಪರದೆ ನೋಡಿ ಅದೇ ಲೆಕ್ಕ ಮಾಡುತ್ತಿದ್ದಾನೆ ಎಂಬುದು ಆ ಪರದೆಯಲ್ಲಿ ಇರಲಿಲ್ಲ. ದರದ ಸುದ್ದಿ ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚು ಜನರಿಗೆ ತಲುಪಿದ್ದರಿಂದ ಬಾರುಕೋಲಿನ ತುದಿ ಇನ್ನಷ್ಟು ಜೋರಾಗಿ ಹಾರಿತೇ ಎಂಬ ಅನುಮಾನ ನನಗಿದೆ. ಒಂದು ಮಾರುಕಟ್ಟೆಯ ಒಂದು ಕುಸಿತದಿಂದ ಅದನ್ನು ಸಾಧಿಸಿ ತೋರಿಸಲಾಗದು, ಒಪ್ಪುತ್ತೇನೆ. ಆದರೆ ಬರೀ ದರವನ್ನು ತೋರಿಸಿ ರಾಶಿಯನ್ನು ಮುಚ್ಚಿಡುವ ಮಾಹಿತಿ ಅರ್ಧ ಮಾಹಿತಿ. ಅರ್ಧ ಮಾಹಿತಿ ಎಲ್ಲರನ್ನೂ ಒಂದೇ ದಿಕ್ಕಿಗೆ ಓಡಿಸುತ್ತದೆ.

ಹೊಟ್ಟೆ ಉರಿಯುವುದು ಇಲ್ಲಿ. ಮುಚ್ಚಿಟ್ಟದ್ದು ಎಂದೆ, ಇಲ್ಲದ್ದು ಎನ್ನಲಿಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಕರ್ನಾಟಕ ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆ ಮಾಡಿಸುತ್ತದೆ. 2020ರ ಮುಂಗಾರಿನಲ್ಲಿ ರೈತರೇ ಹೊಲದಲ್ಲಿ ನಿಂತು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆದು ದಾಖಲಿಸಿದರು. ಆಂಧ್ರದಲ್ಲಿ ಇದೇ ಕೆಲಸಕ್ಕೆ ಇ-ಕ್ರಾಪ್ ಎಂಬ ವ್ಯವಸ್ಥೆ ಇದೆ. ಅಂದರೆ ಜನವರಿಯಲ್ಲಿ ಬ್ಯಾಡಗಿಗೆ ಎಷ್ಟು ಕಾಯಿ ನುಗ್ಗಬಹುದು ಎಂಬುದರ ಸುಳಿವು ಅದಕ್ಕೆ ತಿಂಗಳುಗಳ ಮುಂಚೆಯೇ ಎರಡೂ ರಾಜ್ಯಗಳ ಕಂಪ್ಯೂಟರುಗಳಲ್ಲಿ ಕುಳಿತಿರುತ್ತದೆ. ಬೆಳೆ ವಿಮೆಗೆ, ಪರಿಹಾರಕ್ಕೆ, ಬೆಂಬಲ ಬೆಲೆಗೆ ಅದು ಬಳಕೆಯಾಗುತ್ತದೆ. ಚೀಲ ಹೊಲಿಯುತ್ತಿರುವ ರೈತನಿಗೆ ಮುನ್ಸೂಚನೆಯಾಗಿ ಅದು ತಲುಪಿದ್ದನ್ನು ನಾನು ಕಂಡಿಲ್ಲ. ಶೀತಲಗೃಹಗಳಲ್ಲಿ ಹಳೆಯ ಕಾಯಿ ಎಷ್ಟು ಉಳಿದಿದೆ ಎಂಬುದು ದೊಡ್ಡ ಖರೀದಿದಾರನಿಗೆ ಬಾಯಿಪಾಠ, ರೈತನಿಗೆ ಗಾಳಿಸುದ್ದಿ. ಮಳೆ ಮುನ್ಸೂಚನೆ ಮೊಬೈಲಿಗೆ ಬರುವಂತೆ ಬರುವ ವಾರದ ಆವಕದ ಅಂದಾಜೂ ಬಂದರೆ ಕೆಲವರಾದರೂ ಒಂದು ವಾರ ಗಾಡಿ ತಡೆಯುತ್ತಿದ್ದರು. ಗೇಟಿನಲ್ಲಿ ಲಾಟ್ ನಂಬರ್ ಕೊಡುವ ಬದಲು ಊರಿನಲ್ಲಿರುವಾಗಲೇ ದಿನದ ಟೋಕನ್ ಕೊಟ್ಟರೆ ಒಂದೇ ಸೋಮವಾರಕ್ಕೆ ಎಲ್ಲರೂ ಬಂದು ಬೀಳುವುದು ತಪ್ಪುತ್ತಿತ್ತು. ತಿರುಪತಿಯಲ್ಲಿ ದರ್ಶನಕ್ಕೆ ಸಾಧ್ಯವಾದದ್ದು ಬ್ಯಾಡಗಿಯ ಚೀಲಕ್ಕೆ ಅಸಾಧ್ಯವೇನಲ್ಲ.

ಮತ್ತೆ ಮಾರ್ಚ್ 11

ಕುಸಿತಕ್ಕೆ ಕಾರಣ ಹುಡುಕಿದವರು ಆವಕ ವಿಪರೀತ ಎಂದರು, ಕಾಯಿ ಹಸಿ ಎಂದರು, ವರ್ತಕರು ಒಳಗೊಳಗೇ ಕೂಡಿಕೊಂಡರು ಎಂದರು. ಮೂರೂ ಇರಬಹುದು, ಒಂದೇ ಇರಬಹುದು. ನನಗೆ ಬೇಸರ ತರಿಸುವುದು, ಇದನ್ನು ಹೀಗೆ ಬಾಯಿಮಾತಿನಲ್ಲಿ ಚರ್ಚಿಸುವ ಅಗತ್ಯವೇ ಇರಲಿಲ್ಲ ಎಂಬುದು. ವಿದ್ಯುನ್ಮಾನ ಟೆಂಡರಿನ ಪ್ರತಿಯೊಂದು ದರಕ್ಕೂ ಹೊತ್ತಿನ ಗುರುತು ಇರುತ್ತದೆ. ಆ ಸೋಮವಾರ ಲಾಟೊಂದಕ್ಕೆ ಸರಾಸರಿ ಎಷ್ಟು ದರಗಳು ಬಿದ್ದವು, ಅದಕ್ಕೂ ಮೊದಲಿನ ಗುರುವಾರ ಎಷ್ಟು ಬಿದ್ದಿದ್ದವು, ಒಂದೇ ಒಂದು ದರ ಬಿದ್ದ ಲಾಟುಗಳು ಎಷ್ಟು, ಒಬ್ಬರೂ ಮುಟ್ಟದ ಲಾಟುಗಳು ಎಷ್ಟು, ಮೊದಲ ಮತ್ತು ಎರಡನೆಯ ದರದ ನಡುವಿನ ಅಂತರ ಎಷ್ಟು? ಆವಕ ಹೆಚ್ಚಾಗಿ ದರ ಬಿದ್ದಿದ್ದರೆ ಈ ಅಂಕಿಗಳು ಒಂದು ರೀತಿ ಇರುತ್ತವೆ, ಕೂಡಿಕೊಂಡು ಬೀಳಿಸಿದ್ದರೆ ಇನ್ನೊಂದು ರೀತಿ. ಬಾಯಿ ಹರಾಜಿನ ಕಾಲದಲ್ಲಿ ಇದಕ್ಕೆ ಉತ್ತರ ಯಾರ ಬಳಿಯೂ ಇರುತ್ತಿರಲಿಲ್ಲ.

ಆ ಅಂಕಿಗಳನ್ನು ಹಾಳೆಯೊಂದರಲ್ಲಿ ಮುದ್ರಿಸಿ ಪ್ರಾಂಗಣದ ಗೋಡೆಗೆ ಅಂಟಿಸಿದ್ದನ್ನು ನಾನು ಓದಲಿಲ್ಲ, ಕೇಳಲಿಲ್ಲ. ಸುದ್ದಿಯಾದದ್ದು ಎಷ್ಟು ವಾಹನ ಸುಟ್ಟವು, ಎಷ್ಟು ಜನರ ಮೇಲೆ ಪ್ರಕರಣ ದಾಖಲಾಯಿತು ಎಂಬುದು. ರೈತನ ಮೊಬೈಲಿಗೆ ಬರುವ ಸಂದೇಶದಲ್ಲಿ ದರದ ಜೊತೆ ಇನ್ನೊಂದು ಸಾಲು ಸೇರಿಸಲು ಖರ್ಚೇನೂ ಇಲ್ಲ: ನಿಮ್ಮ ಲಾಟಿಗೆ ದರ ಹಾಕಿದವರು ಇಷ್ಟು ಜನ. ಹನ್ನೊಂದು ಎಂದು ಬಂದರೆ ಅವನು ತಲೆ ತಗ್ಗಿಸಿ ತೂಕದ ಕಡೆ ನಡೆಯುತ್ತಾನೆ. ಒಂದು ಎಂದು ಬಂದರೆ ಚೀಲದ ಬಾಯಿ ಹೊಲಿದು ಗುರುವಾರದವರೆಗೆ ಕಾಯಬಹುದೇ ಎಂದು ಕಿಸೆಯ ದುಡ್ಡು ಎಣಿಸುತ್ತಾನೆ.